ಚಿಪ್ ಹಾಕ್ಸಿ, ಚಿಪ್ಪು ಹಿಡೀಬೇಡಿ

ಹೇಳಿ, ನಿಮ್ಮ ಪೋಲೊ ಜಿಟಿ ಟಿಎಸ್‌ಐಗೆ ರೀಮ್ಯಾಪ್ ಮಾಡಿಸ್ಬೇಕು ಅಂತ ಯಾವಾಗಿಂದ ಒಳಗೊಳಗೇ ಕುದೀತಿದೀರ? ನೈಸ್ ರೋಡಲ್ಲಿ ಆಕ್ಟೇವಿಯಾ ನಿಮ್ಮನ್ನ ಸೈಡ್ ಹೊಡೆದು ಹೋದಾಗಿಂದ್ಲಾ? ಆಫೀಸಿನ ಹುಡುಗ ಫೋನಲ್ಲಿ ತನ್ನ ಕಾರಿನ ಪವರ್ ಅಳೆದ ಡೈನೊ ಶೀಟ್ ತೋರ್ಸಿದಾಗಿಂದ್ಲಾ? (ನಾಚ್ಕೋಬೇಡಿ, ಇಲ್ಲಿ ನಾವು ನಾವೇ ಇರೋದು.)

ಮನೇಲಿ ಏನಂತ ಹೇಳಿದೀರ? "ಮೈಲೇಜ್ ಜಾಸ್ತಿ ಬರತ್ತೆ ಕಣೆ" ಅಂತ ತಾನೆ? ಎಲ್ಲಾ ಗಂಡಂದಿರೂ ಹೇಳೋದು ಅದನ್ನೇ. ನಿಧಾನಕ್ಕೆ ಓಡ್ಸಿದ್ರೆ ಬಂದ್ರೂ ಬರಬಹುದು. ಆದ್ರೆ ನಿಧಾನಕ್ಕೆ ಓಡ್ಸೋರು ರೀಮ್ಯಾಪ್ ಯಾಕೆ ಮಾಡಿಸ್ತಾರೆ ಸ್ವಾಮಿ?

ರೀಮ್ಯಾಪ್ ಅಂದ್ರೆ ಇಂಜಿನ್ ಕಂಪ್ಯೂಟರಿನ (ಇಸಿಯು) ಪ್ರೋಗ್ರಾಮ್ ತಿದ್ದೋದು. ಮೊದ್ಲು ಇದು ಪೂರ್ತಿ ಕೈಕೆಲಸ. ಅಮೆರಿಕದ ಹುಡುಗ್ರು 1992ರಿಂದ 95ರವರೆಗಿನ ಹೋಂಡಾ ಸಿವಿಕ್‌ನ ಪಿ28 ಇಸಿಯು ಬಿಚ್ಚಿ, 28 ಕಾಲಿನ ಸಾಕೆಟ್ ಬೆಸೆದು, ಹೊಸ ಪ್ರೋಗ್ರಾಮ್ ತುಂಬಿದ ಚಿಪ್ ಕೂರಿಸೋರು. ಅದರ ಜಾಗ ಬರೀ 32 ಕಿಲೋಬೈಟ್. ನಿಮ್ಮ ಸೋದರತ್ತೆ ಕಳ್ಸೋ ಗುಡ್ ಮಾರ್ನಿಂಗ್ ಫೋಟೊ ಕೂಡ ಅದರಲ್ಲಿ ಹಿಡಿಯಲ್ಲ! ಈಗ ಎಷ್ಟೋ ಕಾರಿಗೆ ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ ವೈರ್ ಚುಚ್ಚಿ, ಲ್ಯಾಪ್‌ಟಾಪಿಂದ ಫೈಲ್ ಹತ್ತಿಸಿಬಿಡ್ತಾರೆ.

ಕಷ್ಟ ಇರೋದು ಫೈಲಲ್ಲಲ್ಲ, ನಿಮ್ಮ ಬಾಯಲ್ಲಿ. "ಯಾವ ಪೆಟ್ರೋಲ್ ಹಾಕ್ಸ್ತೀರ ಸರ್?" ಅಂತ ಟ್ಯೂನರ್ ಕೇಳ್ತಾನೆ. ನೀವು ಎದೆ ಉಬ್ಬಿಸಿ "100 ಆಕ್ಟೇನ್ ಬಿಟ್ರೆ ಬೇರೆ ಮುಟ್ಟಲ್ಲ" ಅಂತೀರ. ಪಾಪ, ಅವನು ನಂಬಿ ಟರ್ಬೊ ಬೂಸ್ಟ್ ಏರಿಸಿ, ಸ್ಪಾರ್ಕ್ ಒಂಚೂರು ಮುಂಚೆನೇ ಬರೋ ಹಾಗೆ ಮಾಡ್ತಾನೆ. ಮುಂದಿನ ವಾರ ನೀವೆಲ್ಲಿ? ಕ್ರೆಡಿಟ್ ಕಾರ್ಡ್ ಪಾಯಿಂಟ್ ಸಿಗೋ ಬಂಕಲ್ಲಿ, ಸಾದಾ ಪೆಟ್ರೋಲ್ ಕ್ಯೂನಲ್ಲಿ!

ಆಮೇಲೇನಾಗತ್ತೆ ಗೊತ್ತಾ? ಸ್ಪಾರ್ಕ್ ಹೊತ್ತಿಸಿದ ಬೆಂಕಿ ಪೂರ್ತಿ ಹರಡೋ ಮುಂಚೆನೇ, ಮೂಲೇಲಿ ಉಳಿದ ಪೆಟ್ರೋಲು-ಗಾಳಿ ತಾನಾಗೇ ಸಿಡಿಯತ್ತೆ. ಅದೇ ನಾಕಿಂಗ್. ಇಂಜಿನ್ ಬ್ಲಾಕಿಗೆ ಅಂಟ್ಕೊಂಡಿರೋ ನಾಕ್ ಸೆನ್ಸರ್ ತಕ್ಷಣ ಇಸಿಯುಗೆ ಚಾಡಿ ಹೇಳತ್ತೆ. ಇಸಿಯು ಸ್ಪಾರ್ಕನ್ನ ಹಿಂದಕ್ಕೆ ತಳ್ಳತ್ತೆ, ಪವರ್ ಇಳಿಯತ್ತೆ. ಸಾವಿರಾರು ರೂಪಾಯಿ ಕೊಟ್ಟು ತಂದದ್ದನ್ನ ರಿವಾರ್ಡ್ ಪಾಯಿಂಟಿಗೆ ಮಾರಿದ ಹಾಗಾಯ್ತು. "ಸಾದಾ ಪೆಟ್ರೋಲಿಗೇ ಮಾಡ್ಕೊಡಪ್ಪ" ಅನ್ನಿ. ಮರ್ಯಾದೆ ಹೋದ್ರೆ ಹೋಗ್ಲಿ, ಪಿಸ್ಟನ್ ಉಳಿಯತ್ತೆ.

"ಎಷ್ಟು ಪವರ್ ಬೇಕು ಸರ್?" ಅಂದ್ರೆ ನಿಮ್ಮ ಉತ್ತರ ನಂಗೊತ್ತು: "ಮ್ಯಾಕ್ಸಿಮಮ್!" ತಾಳಿ. ಕಂಪನಿ ಕೊಟ್ಟಿರೋದು 105 ಪಿಎಸ್, 175 ಎನ್‌ಎಂ ಟಾರ್ಕ್. ಅದರ ಏಳು ಗೇರಿನ ಡಿಎಸ್‌ಜಿ ತಾಳೋದೇ 250 ಎನ್‌ಎಂ. ಆ ಗೆರೆ ಹತ್ರ ಹೋಗೋ ಚಪಲ ಇದ್ರೆ ಗೇರ್‌ಬಾಕ್ಸ್ ಬಿಲ್ ಎಷ್ಟು ಅಂತ ಮೊದ್ಲೇ ವಿಚಾರಿಸ್ಕೊಳ್ಳಿ. (ಒಬ್ರೇ ಇರೋವಾಗ, ಕೂತ್ಕೊಂಡು.)

ಟ್ಯೂನರ್‌ನ ಹೇಗೆ ಆರಿಸೋದು? ಎಲ್ಲಾ ಕಾರಿಗೂ ಒಂದೇ ರೆಡಿಮೇಡ್ ಫೈಲ್ ತುರುಕೋನ ಹತ್ರ ಹೋಗ್ಬೇಡಿ. ಒಳ್ಳೇವನು ಲ್ಯಾಪ್‌ಟಾಪ್ ತೊಡೆ ಮೇಲಿಟ್ಕೊಂಡು ನಿಮ್ಮ ಜೊತೆ ರೌಂಡ್ ಬರ್ತಾನೆ. ಬೂಸ್ಟ್, ಟೈಮಿಂಗ್, ನಾಕಿಂಗ್ ಎಲ್ಲಾ ಲಾಗ್ ಮಾಡಿ, ತಿದ್ದಿ, ಮತ್ತೆ ಓಡಿಸ್ತಾನೆ. ಡೈನೊ ಶೀಟ್ ಬೇಕೇ ಬೇಕಾ? ಒಂದೇ ಮೆಷಿನ್ ಮೇಲೆ ಮುಂಚೆ ಒಂದು, ಆಮೇಲೆ ಒಂದು ತಗೊಳ್ಳಿ. ಬೇರೆ ಬೇರೆ ಡೈನೊ ಬೇರೆ ಬೇರೆ ನಂಬರ್ ಹೇಳತ್ತೆ. ದೊಡ್ಡ ನಂಬರ್ ಹೇಳಿದ್ದನ್ನ ಮಾತ್ರ ನೀವು ಲ್ಯಾಮಿನೇಟ್ ಮಾಡಿಸ್ತೀರ ಬಿಡಿ.

ವಾರಂಟಿ ವಿಷ್ಯ? ಸರ್ವೀಸಿಗೆ ಬಿಡೋ ಮುಂಚೆ ಹಳೇ ಫೈಲ್ ವಾಪಸ್ ಹಾಕಿ, ಏನೂ ಗೊತ್ತಿಲ್ಲದ ಮುಖ ಮಾಡ್ಕೊಂಡು ಹೋಗೋ ಪ್ಲಾನಾ? ಕೆಲವು ಇಸಿಯುಗಳು ತಮ್ಮನ್ನ ಎಷ್ಟು ಸಲ ಬರೆದ್ರು ಅಂತ ಲೆಕ್ಕ ಇಟ್ಟಿರ್ತವೆ ಸಾರ್. ಸರ್ವೀಸ್ ಅಡ್ವೈಸರ್ ಸ್ಕ್ಯಾನರ್ ಚುಚ್ಚಿ, ಸ್ಕ್ರೀನ್ ನೋಡಿ, ಆಮೇಲೆ ನಿಮ್ಮ ಮುಖ ನೋಡಿದಾಗ ಏನು ಹೇಳ್ಬೇಕು ಅಂತ ಈಗ್ಲೇ ಕನ್ನಡಿ ಮುಂದೆ ಪ್ರಾಕ್ಟೀಸ್ ಮಾಡ್ಕೊಳ್ಳಿ.