ನಾನು ಟಿಪ್ಪು ಕಾಲದವನಲ್ಲ ಮಾರಾಯ್ರೇ!

ನಿಧಿಯ ಆಸೆಗೆ ಮೆಟಲ್ ಡಿಟೆಕ್ಟರ್ ಕೊಂಡವರ ಕಾಟ ಈಗ ಕಾಫಿ ತೋಟಗಳಿಗೂ ಹಬ್ಬಿದೆ. ಕೊಡಗಿನ ತೋಟವೊಂದರಲ್ಲಿ ಯಂತ್ರ ‘ಪೀಂ’ ಅಂದಿತು, ಹಾರೆ ಬಿತ್ತು. ಸಿಕ್ಕಿದ್ದು ಕಿಲುಬು ಹಿಡಿದ ಹಿತ್ತಾಳೆ ಬಿಲ್ಲೆಗಳು. ಹಳೇ ತೋಟಾ ಕೋವಿಯ ತೋಟಾಗಳ ಬುಡ. ಅಗೆದವರು ಎಲ್ಲವನ್ನೂ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬೇಲಿ ಪಕ್ಕ ಎಸೆದು ಹೋದರು. ಅದರಲ್ಲೊಂದನ್ನು ಹೆಕ್ಕಿ ಮಾತಾಡಿಸಿದೆವು.

ಪ್ರಶ್ನೆ: ಚಿನ್ನ ಅಲ್ಲ ಅಂತ ಗೊತ್ತಾದಾಗ ಅವರ ಮುಖ ಹೇಗಾಯಿತು?

ತೋಟಾ: ಮುಖ ಹಾಳಾಗಲಿ. ಒಬ್ಬ ನನ್ನನ್ನು ತಿರುಗಿಸಿ ನೋಡಿ ‘ಟಿಪ್ಪು ಕಾಲದ್ದು ಕಣೋ’ ಅಂದನಲ್ಲ! ಈ ನಾಡಿನಲ್ಲಿ ನೆಲದಿಂದ ಎದ್ದದ್ದು ಕಲ್ಲಾದರೆ ಪಾಂಡವರದ್ದು, ಲೋಹವಾದರೆ ಟಿಪ್ಪುವಿನದು. ಟಿಪ್ಪು ತೀರಿದ್ದು 1799ರಲ್ಲಿ. ಆಗಿನ ಸಿಪಾಯಿಗಳು ಕೋವಿಯ ಬಾಯಿಂದ ಮದ್ದು ಸುರಿದು ಗಜದಿಂದ ಜಡಿಯುತ್ತಿದ್ದರು. ಬುಡದ ನಟ್ಟನಡುವೆ ಕೇಪಿರುವ ನನ್ನಂಥವರು ಬಳಕೆಗೆ ಬಂದಿದ್ದೇ 1860ರ ದಶಕದಲ್ಲಿ. ಬೆನ್ನ ಮೇಲೆ ಬರೆದಿದೆ, ಓದಿ.

ಪ್ರಶ್ನೆ: ‘ಈಲಿ-ಕೈನಾಕ್, 12, ಐ.ಸಿ.ಐ.’

ತೋಟಾ: ತೋಟಾ ಕಂಪನಿಗಳಲ್ಲಿ ಈಲಿ ಲಂಡನ್ನಿನದು, ಕೈನಾಕ್ ಬರ್ಮಿಂಗ್‌ಹ್ಯಾಮಿನದು. 1918ರಲ್ಲಿ ಎರಡೂ ಒಂದೇ ಸೂರಿನಡಿ ಬಂದವು. 1926ರಲ್ಲಿ ಬಣ್ಣ ಮಾಡುವವರು, ಸೋಡಾ ಮಾಡುವವರ ಜೊತೆ ಸೇರಿ ಐ.ಸಿ.ಐ. ಆಯಿತು. ನಾನು ಅದಕ್ಕಿಂತ ಒಂದು ದಿನವೂ ಹಿಂದಿನವನಲ್ಲ. 12 ಅಂದರೆ, ನಳಿಗೆಯ ಅಗಲಕ್ಕೆ ಕೂರುವ ಸೀಸದ ಗುಂಡು ಹನ್ನೆರಡು ಸೇರಿದರೆ ಒಂದು ಪೌಂಡು. ಜಾತಕವನ್ನೇ ಬೆನ್ನಿಗೆ ಕಟ್ಟಿಕೊಂಡು ಮಲಗಿದ್ದರೂ ಟಿಪ್ಪುವಂತೆ!

ಪ್ರಶ್ನೆ: ಕೋವಿ ಅಂದಕೂಡಲೇ ನನಗೆ 1878 ನೆನಪಾಗುತ್ತದೆ. ವೈಸರಾಯ್ ಲಿಟ್ಟನ್ ಕಾಲದ ಆ ಒಂದೇ ವರ್ಷದಲ್ಲಿ ಆಯುಧ ಕಾಯಿದೆ ಬಂತು, ನಿಧಿ ಕಾಯಿದೆ ಬಂತು, ದೇಶಭಾಷೆಯ ಪತ್ರಿಕೆಗಳ ಬಾಯಿಗೆ ಬೀಗ ಜಡಿಯುವ ಕಾಯಿದೆಯೂ ಬಂತು. ಇಂಗ್ಲಿಷ್ ಪತ್ರಿಕೆಗಳಿಗೆ ಬೀಗವಿಲ್ಲ, ಬಿಳಿಯರ ಕೋವಿಗೆ ಲೈಸೆನ್ಸ್ ಬೇಕಿಲ್ಲ. ಭಾಷೆಗೂ ಬಂದೂಕಿಗೂ ಒಂದೇ ತಕ್ಕಡಿ! ಕನ್ನಡದಲ್ಲಿ ಅಂಕಣ ಬರೆಯುವ ನಾನು ಇದನ್ನು...

ತೋಟಾ: ಬರೆಯಿರಿ. ಕೊನೆಗೆ ‘ಟಿಪ್ಪು ಕಾಲದ ಗುಂಡು ಪತ್ತೆ’ ಅಂತ ಹೆಡ್ಡಿಂಗ್ ಕೊಡುವವರೂ ನೀವೇ.

ಪ್ರಶ್ನೆ: ಕೊಡವರಿಗೆ ಆ ಆಯುಧ ಕಾಯಿದೆಯಿಂದ ವಿನಾಯಿತಿ ಇತ್ತು. ನಿಮ್ಮನ್ನು ಹಾರಿಸಿದ್ದು ಅವರೋ, ತೋಟದ ದೊರೆಯೋ?

ತೋಟಾ: ಹಿತ್ತಾಳೆಗೆ ಜಾತಿ ಅಂಟುವುದಿಲ್ಲ. ಆದರೆ ಕೇಪಿನ ಮೇಲೆ ನೋಡಿ, ಎರಡು ಕುಳಿ. ಮೊದಲ ಪೆಟ್ಟಿಗೆ ನಾನು ಸಿಡಿಯಲಿಲ್ಲ. ಆಗ ನಮ್ಮ ಮೈ ಕಾಗದದ್ದು. ಇಲ್ಲಿನ ಮಳೆಗೆ ಉಬ್ಬಿಕೊಂಡು ನಳಿಗೆಗೇ ಇಳಿಯದ ತಮ್ಮಂದಿರೂ ಇದ್ದರು. ಪ್ಲಾಸ್ಟಿಕ್ ಮೈ ಬಂದಿದ್ದು 1960ರ ಈಚೆಗೆ.

ಪ್ರಶ್ನೆ: ಹಾಗಾದರೆ ಬೇಟೆಯ ಹಂದಿ ಪಾರಾಯಿತು?

ತೋಟಾ: ಅದು ನನ್ನ ಬೆನ್ನ ಮೇಲೆ ಬರೆದಿಲ್ಲ. ನೆಲದ ಮೇಲೆ ಬರೆದದ್ದು ಬೇರೆ ಇತ್ತು. ನಾವೆಲ್ಲ ತೋಡಿನ ದಂಡೆಯುದ್ದಕ್ಕೂ ಒಂದಷ್ಟು ಮಾರು ಬಿಟ್ಟು ಒಂದಷ್ಟು ಮಾರಿಗೆ ಬಿದ್ದಿದ್ದೆವು. ಕೋವಿಗಳು ಇಲ್ಲಿ ಸಾಲಾಗಿ ನಿಂತಿದ್ದವು. ಹಳು ಸೋವಿಕೊಂಡು ಬಂದವರು ಎದುರು ಗುಡ್ಡದಿಂದ ಇಳಿದರು. ತೋಟದ ಆಳುಗಳು, ಯರವರು. ಅವರ ಕೈಯಲ್ಲಿದ್ದದ್ದು ದೊಣ್ಣೆ, ಬಾಯಲ್ಲಿದ್ದದ್ದು ಕೂಗು. ಅವರು ನಡೆದ ನೆಲದ ಮೇಲೆ ಯಂತ್ರ ಎಷ್ಟು ಸಲ ಆಡಿಸಿದರೂ ‘ಪೀಂ’ ಅನ್ನುವುದಿಲ್ಲ. ಅವರಿದ್ದ ದಿಕ್ಕಿಗೆ ಉಳಿದಿದ್ದ ಸಾಕ್ಷಿ ನಮ್ಮ ಸಾಲೊಂದೇ. ಅದನ್ನು ಈ ಅಗೆದವರು ಕಿತ್ತು ಚೀಲಕ್ಕೆ ಸುರಿದರು.

ಇಲ್ಲಿಗೆ ನನಗೂ ತಮಾಷೆ ಸಾಕಾಯಿತು. ಇದೇ ನಿಧಿಯ ಆಸೆಗೆ ಊರೂರಲ್ಲಿ ವೀರಗಲ್ಲು ಉರುಳಿಸಿ ಬುಡ ಅಗೆಯುತ್ತಿದ್ದಾರೆ. ತುರು ಬಿಡಿಸಲು ಹೋಗಿ ಸತ್ತವನ ಕಲ್ಲಿನ ಕೆಳಗೆ ಯಾರು ಚಿನ್ನ ಹೂಳುತ್ತಾರೆ? ಅವನು ಈ ಲೋಕದಲ್ಲಿ ಬದುಕಿದ್ದ ಎನ್ನಲು ಇರುವ ದಾಖಲೆ ಆ ಕಲ್ಲು, ಅದರ ನಾಲ್ಕು ಸಾಲು ಕನ್ನಡ. ಬೇಗೂರಿನ ವೀರಗಲ್ಲನ್ನು ಇಂಥವರು ಒಡೆದಿದ್ದರೆ, ಸುಮಾರು 890ರಲ್ಲೇ ‘ಬೆಂಗಳೂರು’ ಎಂಬ ಹೆಸರಿತ್ತು ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ನಾವಿನ್ನೂ ಬೆಂದ ಕಾಳಿನ ಕತೆಯನ್ನೇ ಬೇಯಿಸುತ್ತಿದ್ದೆವು. ಇಂಥ ಕಲ್ಲೊಂದು ಎರಡು ಹೋಳಾದ ಮರುದಿನ ಊರಿನವರ ಬಾಯಲ್ಲಿ ಒಂದೇ ಪ್ರಶ್ನೆ: ‘ಏನಾದರೂ ಸಿಕ್ಕಿತಂತಾ?’ ಸಿಗಲಿಲ್ಲ ಎಂದರೆ ಏನೂ ಹೋಗಲಿಲ್ಲ ಎಂದೇ ಲೆಕ್ಕ. ನಾಚಿಕೆಗೇಡು.

ಪ್ರಶ್ನೆ: ಕೊನೆಯದು. 1878ರ ನಿಧಿ ಕಾಯಿದೆಯಂತೆ ಹತ್ತು ರೂಪಾಯಿ ಮೀರಿದ ಮಾಲು ನೆಲದಲ್ಲಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕಿತ್ತು. ಅದೇ ವರ್ಷದ ಪತ್ರಿಕಾ ಕಾಯಿದೆಯನ್ನು ಮಾತ್ರ ಮುಂದಿನ ವೈಸರಾಯ್ ರಿಪ್ಪನ್ ರದ್ದು...

ತೋಟಾ: ಮತ್ತೆ ಪತ್ರಿಕೆಗೆ ಹೋಗಬೇಡಿ. ಗುಜರಿಯವನು ನನ್ನನ್ನು ಕೆ.ಜಿ. ಲೆಕ್ಕದಲ್ಲಿ ತೂಗುತ್ತಾನೆ, ಹತ್ತು ರೂಪಾಯಿ ಹುಟ್ಟಿದರೆ ಹೆಚ್ಚು. ಕಲೆಕ್ಟರ್ ಕಚೇರಿಗೆ ಅಲೆಯುವುದಾದರೂ ತಪ್ಪಿತಲ್ಲ!