ಆಡು: ಬಳಕೆದಾರರ ಕೈಪಿಡಿ (ಬಾದನಹಟ್ಟಿ ಆವೃತ್ತಿ)

ಮನೆಗೆ ಹಾಲಿನ ಆಡು ತಂದಿದ್ದಕ್ಕೆ ಅಭಿನಂದನೆಗಳು. ಬಳಸುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿ, ಆಮೇಲೆ ಆಡಿಗೆ ಎಟುಕದ ಎತ್ತರದಲ್ಲಿಡಿ. ಅಂಥ ಎತ್ತರ ನಿಮ್ಮ ಮನೆಯಲ್ಲೇ ಇಲ್ಲವೆಂದು ಮೂರನೇ ದಿನಕ್ಕೆ ಗೊತ್ತಾಗುತ್ತದೆ.

ಪೆಟ್ಟಿಗೆಯಲ್ಲಿ ಏನೇನಿದೆ

ಆಡು 1, ಕೆಚ್ಚಲು 1, ಮೊಲೆ 2. ನಾಲ್ಕು ಹುಡುಕಬೇಡಿ, ಅದು ಎಮ್ಮೆಯ ಮಾಡೆಲ್. ಮೇಲ್ದವಡೆಯ ಮುಂದುಗಡೆ ಹಲ್ಲೇ ಇಲ್ಲವೆಂದು ಮಾರಿದವನ ಮೇಲೆ ಜಗಳಕ್ಕೂ ಹೋಗಬೇಡಿ, ಕಂಪನಿಯಿಂದಲೇ ಹಾಗೆ ಬರುತ್ತದೆ. ವಯಸ್ಸು ಕೆಳಗಿನ ಹಲ್ಲಿನಲ್ಲಿದೆ: ಎರಡು ದೊಡ್ಡ ಹಲ್ಲು ಬಂದಿದ್ದರೆ ವರ್ಷ ದಾಟಿದೆ, ಎಂಟೂ ಬಂದಿದ್ದರೆ ನಾಲ್ಕರ ಸುಮಾರು. ಸಂತೆಯಲ್ಲಿ ಕೆಚ್ಚಲು ತುಂಬಿ ತುಳುಕುವುದನ್ನು ಕಂಡು ಹಿಗ್ಗಬೇಡಿ. ಹಿಂದಿನ ಹೊತ್ತು ಕರೆಯದೆ ಹಾಗೇ ಹೊಡೆದುಕೊಂಡು ಬಂದಿರುತ್ತಾರೆ. ಎರಡು ಹೊತ್ತು ಕರೆದು ನೋಡಿ, ಆಮೇಲೆ ದುಡ್ಡು ಎಣಿಸಿ.

ಒಂದೇ ತಂದಿರಾ? ಕೆಲಸ ಕೆಟ್ಟಿತು. ಹಿಂಡಿನ ಪ್ರಾಣಿ, ಒಂಟಿಯಾದರೆ ರಾತ್ರಿಯಿಡೀ ಅರಚುತ್ತದೆ. "ಇನ್ನೊಂದು ತಂದುಬಿಡಪ್ಪ, ಬೇಕಾದ್ರ ಓಣಿಯವ್ರೇ ಪಟ್ಟಿ ಹಾಕ್ತೀವಿ" ಅನ್ನುವವರೆಗೂ ಅರಚುತ್ತದೆ.

ಜೋಡಣೆ

ನಮ್ಮೂರಿನ ಹೆಸರಿನಲ್ಲೇ ಹಟ್ಟಿ ಇದೆ, ನಿಮ್ಮ ಹಿತ್ತಿಲಿನಲ್ಲಿಲ್ಲ. ಕಟ್ಟಿಸಬೇಕು. ಎರೆ ನೆಲ ಒಂದು ಮಳೆಗೇ ರಾಡಿ, ಆಡಿಗೆ ರಾಡಿಯಷ್ಟು ದೊಡ್ಡ ವೈರಿ ಇನ್ನೊಂದಿಲ್ಲ, ಗೊರಸು ಕೊಳೆಯುತ್ತದೆ. ಆಡಿಗೆ 10–12 ಚದರಡಿಯಂತೆ, ಹಿಕ್ಕೆ ಕೆಳಗೆ ಉದುರಲು ಸಂದು ಬಿಟ್ಟ ಅಟ್ಟಣಿಗೆ ಹಾಕಿಸಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೀಮೆ, ತಗಡಿನ ಮೇಲೆ ಜೋಳದ ಸೊಪ್ಪೆ ಹೊದಿಸಿ. ಸೊಪ್ಪೆಯನ್ನು ಆಡು ತಿನ್ನುತ್ತದೆ. ಮತ್ತೆ ಹೊದಿಸಿ.

ಇಂಧನ

ಆಡು ಮುಟ್ಟದ ಸೊಪ್ಪಿಲ್ಲ ಎಂದ ಹಿರಿಯರು ಬಳ್ಳಾರಿ ಜಾಲಿ ಕಂಡವರಲ್ಲ. ಅಮೆರಿಕದಿಂದ ಬಂದು ನಮ್ಮ ಜಿಲ್ಲೆಯ ಹೆಸರಿಟ್ಟುಕೊಂಡ ಆ ಗಿಡದ ಎಲೆಯನ್ನು ಆಡು ಮೂಸಿ ಮುಖ ತಿರುಗಿಸುತ್ತದೆ. ಕಾಯಿ ಮಾತ್ರ ಸಿಹಿ, ಬಿಡುವುದಿಲ್ಲ. ಬೀಜ ಅರಗದೆ ಹಿಕ್ಕೆಯ ಜೊತೆ ನಿಮ್ಮ ಹೊಲಕ್ಕೆ ಗೊಬ್ಬರವಾಗಿ ಹೋಗುತ್ತದೆ. ಬಿತ್ತನೆ ಪುಕ್ಕಟೆ, ಕೀಳುವ ಕೂಲಿ ನಿಮ್ಮದು.

ಈಗ ನಗೆ ಸ್ವಲ್ಪ ಬದಿಗಿಡಿ. ತುಂಗಭದ್ರಾ ಕಾಲುವೆಯ ಸೀಮೆಯಲ್ಲಿ ಆಡು ಹಸಿದು ಸಾಯುವುದು ಕಡಿಮೆ, ತಿಂದು ಸಾಯುವುದೇ ಹೆಚ್ಚೆಂದು ನನಗನಿಸಿದೆ. ಮೆಣಸಿನಕಾಯಿಗೋ ಹತ್ತಿಗೋ ಔಷಧಿ ಹೊಡೆದ ಮರುದಿನ ಅದೇ ಬದುವಿನ ಹುಲ್ಲು ಕೊಯ್ದು ತಂದು ಹಾಕುತ್ತೀರಿ. ಇಲ್ಲವೇ ಸುಗ್ಗಿಯಲ್ಲಿ ಆಡೇ ಕಣಕ್ಕೆ ನುಗ್ಗಿ ಭತ್ತ ಮುಕ್ಕುತ್ತದೆ. ಕಾಳು ಹೊಟ್ಟೆಯಲ್ಲಿ ಹುಳಿಯಾಗಿ, ಮಾರನೇ ದಿನಕ್ಕೆ ನೆಲ ಹಿಡಿಯುತ್ತದೆ. ಭತ್ತದ ಚೀಲಕ್ಕೂ ಆಡಿಗೂ ನಡುವೆ ಬಾಗಿಲಿರಲಿ, ಬಾಗಿಲಿಗೆ ಚಿಲಕವಿರಲಿ, ಚಿಲಕ ಆಡಿಗೆ ತೆಗೆಯಲು ಬಾರದಂಥದ್ದಿರಲಿ. ಪಶು ಆಸ್ಪತ್ರೆಯಲ್ಲಿ ಕರುಳುಬೇನೆಗೆ, ಪಿಪಿಆರ್‌ಗೆ ಲಸಿಕೆ ಹಾಕಿಸಿ. ಬಂದಮೇಲೆ ನೋಡೋಣ ಅಂದವರಿಗೆ ಬಂದಮೇಲೆ ನೋಡುವುದಷ್ಟೇ ಉಳಿಯುತ್ತದೆ.

ದೋಷ ನಿವಾರಣೆ: ಹಾಲು ಬರುತ್ತಿಲ್ಲ

ಮರಿ ಹಾಕಿದೆಯೇ? ಇಲ್ಲವಾದರೆ ಹಾಲೆಲ್ಲಿಂದ? ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಅದೂ ಒಂದೆರಡು ದಿನ. ಅಷ್ಟರಲ್ಲಿ ಹೋತ ಹುಡುಕಿ. ಕೆಲಸ ಮುಗಿದಮೇಲೆ ಅದನ್ನು ದೂರ ಕಟ್ಟಿ, ಅದರ ನಾತ ಹಾಲಿಗೂ ಹತ್ತುತ್ತದೆ. ಆಮೇಲೆ 150 ದಿನ ಕಾಯಿರಿ.

ಮರಿ ಬಂತು, ಬಹುಶಃ ಎರಡು. ಗಿಣ್ಣದ ಹಾಲು ಅವುಗಳದು, ಹುಟ್ಟಿದ ಮೊದಲ ಗಂಟೆಯಲ್ಲೇ ಕುಡಿಯಬೇಕು. ಏಲಕ್ಕಿ ಕುಟ್ಟಿಟ್ಟಿದ್ದರೆ ಡಬ್ಬಿಗೆ ವಾಪಸ್ ಹಾಕಿ. ಉಸ್ಮಾನಾಬಾದಿ ತಳಿಯಾದರೆ ದಿನಕ್ಕೆ ಅರ್ಧ ಲೀಟರು, ಕೈಗುಣ ಚೆನ್ನಾಗಿದ್ದರೆ ಒಂದು. ಮರಿ ಕುಡಿದು ಉಳಿದದ್ದು ಒಂದು ಚೊಂಬು.

ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲಿ: "ಮಮ್ಮಗಗ ಕೆಮ್ಮು ಬಿಟ್ಟಿಲ್ಲವ್ವ, ಒಂದೀಟು ಆಡಿನ ಹಾಲಿದ್ರ ಕೊಡು." ಕೊಡದೆ ಏನು ಮಾಡುತ್ತೀರಿ? ಮನೆಬಾಗಿಲಿಗೆ ಬಂದವರಿಗೆ ಆಡಿನ ಹಾಲಿನ ರೇಟು ಹೇಳಲು ನಾಲಿಗೆ ಏಳುವುದಿಲ್ಲ. ಕಾಯಿಸಿ ಕುಡಿಸಲು ಹೇಳಿ. ವರ್ಷ ತುಂಬದ ಕೂಸಿಗೆ ಇದೊಂದನ್ನೇ ಕುಡಿಸಿ ಬೆಳೆಸಬೇಡಿರೆಂದೂ ಹೇಳಿ, ಇದರಲ್ಲಿ ಫೋಲೇಟ್ ಸಾಲದು. ಮಳೆಗಾಲಕ್ಕೆ ಡೆಂಗಿ ಬಂತೆಂದರೆ ಈ ಹಾಲಿಗೆ ಪ್ಲೇಟ್‌ಲೆಟ್ ಏರುತ್ತದಂತೆ ಎಂದು ಬಳ್ಳಾರಿಯಿಂದ ಬೈಕ್ ಹತ್ತಿ ಬರುತ್ತಾರೆ. ಅದಕ್ಕೆ ಗಟ್ಟಿ ಪುರಾವೆಯಿಲ್ಲ. ಮೊದಲು ಆಸ್ಪತ್ರೆಗೆ ಕಳಿಸಿ. ಹಾಲನ್ನೂ ಕೊಟ್ಟುಕಳಿಸುತ್ತೀರಿ, ನನಗೆ ಗೊತ್ತು.

ಸಂಜೆ ಚಹಾಕ್ಕೆ ನೀರಿಡಿ. ಚೊಂಬು ಬೋರಲು ಬಿದ್ದಿದೆ. ಹುಡುಗನನ್ನು ಅಂಗಡಿಗೆ ಓಡಿಸಿ ಅರ್ಧ ಲೀಟರ್ ನಂದಿನಿ ಪಾಕೀಟು ತರಿಸಿ. ಖಾಲಿ ಪಾಕೀಟನ್ನು ಅಂಗಳಕ್ಕೆ ಎಸೆಯಬೇಡಿ, ಆಡು ಅದನ್ನೂ ತಿನ್ನುತ್ತದೆ.