ಫಾಂಟಾಚಾರ್ಯರು

ಕನ್ನಡದಲ್ಲಿ ಕಡತ ನಡೆಯುವ ಕಚೇರಿ ಎಂದಮೇಲೆ ಅಲ್ಲೊಬ್ಬ ಫಾಂಟಾಚಾರ್ಯರು ಇರಲೇಬೇಕು. ನೇಮಕಾತಿ ಪತ್ರದಲ್ಲಿ ಅವರು ದ್ವಿತೀಯ ದರ್ಜೆ ಸಹಾಯಕರೋ ಗ್ರಂಥಪಾಲಕರೋ ಇನ್ನೇನೋ ಆಗಿರುತ್ತಾರೆ. ಅದು ಸಂಬಳದ ಮಾತಾಯಿತು. ಜೀವ ಇರುವುದು ಫಾಂಟಿನಲ್ಲಿ. ಗುರುತಿನ ಚೀಟಿಯ ದಾರಕ್ಕೇ ಒಂದು ಪೆನ್‌ಡ್ರೈವ್ ಗಂಟು ಬಿದ್ದಿರುತ್ತದೆ. ಅದರೊಳಗೆ ಕೇದಗೆ, ಮಲ್ಲಿಗೆ, ತುಂಗಾ, ಗುಬ್ಬಿ, ನವಿಲು ಎಲ್ಲ ಇವೆ. ಇವರು ಫೋನಿನಲ್ಲಿ "ಮಲ್ಲಿಗೆ ಹಾಕಿ ನೋಡಿ, ಆಗದಿದ್ರೆ ಗುಬ್ಬಿ ಕಳಿಸ್ತೀನಿ" ಎನ್ನುವುದನ್ನು ಕೇಳಿಸಿಕೊಂಡ ಹೊಸಬರು, ಡೆಪ್ಯುಟೇಶನ್ ಮೇಲೆ ಬಂದ ಅರಣ್ಯ ಇಲಾಖೆಯವರು ಎಂದುಕೊಂಡರೆ ತಪ್ಪಿಲ್ಲ.

"ಸಾರ್, ಬ್ರೌಸರಲ್ಲಿ ಅಕ್ಷರ ಒಡೀತಿದೆ" ಅಂದರೆ ಸಾಕು, ಕುಡಿಯುತ್ತಿದ್ದ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಬರುತ್ತಾರೆ. ಬಂದವರು ಪರದೆ ನೋಡುವುದಿಲ್ಲ, ಮೊದಲು ನಿಮ್ಮ ಮುಖ ನೋಡುತ್ತಾರೆ.

"ಯಾವ ಬ್ರೌಸರು?"

"ಕ್ರೋಮ್."

ಒಂದು ನಿಟ್ಟುಸಿರು. "ಅದಕ್ಕೇ ಮತ್ತೆ. ಫೈರ್‌ಫಾಕ್ಸ್ ಹಾಕ್ಕೊಳ್ಳಿ ಅಂತ ಎಷ್ಟು ಬಡ್ಕೊಂಡೆ."

ಪಕ್ಕದ ಮೇಜಿನವರು ಇಟ್ಟುಕೊಂಡಿರುವುದು ಫೈರ್‌ಫಾಕ್ಸನ್ನೇ. ಅವರಿಗೂ ಇದೇ ನಿಟ್ಟುಸಿರು, ಬ್ರೌಸರಿನ ಹೆಸರು ಮಾತ್ರ ಅದಲುಬದಲು. ಕನ್ನಡದ ಅಕ್ಷರ ಜೋಡಿಸಲು ಎರಡೂ ನೆಚ್ಚಿಕೊಂಡಿರುವುದು ಹಾರ್ಫ್‌ಬಜ್ ಎಂಬ ಒಂದೇ ತಂತ್ರಾಂಶವನ್ನು. ಅದು ಆಚಾರ್ಯರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬೈಯುವುದಕ್ಕೆ ಒಂದಾದರೂ ಬ್ರೌಸರು ಬೇಡವೇ?

ರೋಗ ವಿಂಗಡಿಸುವಾಗ ಅವರದು ನಾಡಿ ಹಿಡಿಯುವ ಪಂಡಿತರ ಗತ್ತು. ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಸಾಲುಗಟ್ಟಿದ್ದರೆ ಅದು ‘ಡಬ್ಬಿ’: ಆರಿಸಿಕೊಂಡ ಫಾಂಟಿನಲ್ಲಿ ಕನ್ನಡವೇ ಇಲ್ಲ, ಬದಲಿಗೆ ಬರಬೇಕಾದ ಫಾಂಟೂ ಸಿಕ್ಕಿಲ್ಲ. ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ಕೂತು, ‘ಕ್ಷ’ದೊಳಗಿನ ಕ ಮತ್ತು ಷ ಬೇರೆ ಬೇರೆ ಸಂಸಾರ ಹೂಡಿದ್ದರೆ ‘ವಿಚ್ಛೇದನ’: ಫಾಂಟ್ ಇದೆ, ಜೋಡಿಸುವ ಕೆಲಸ ನಡೆದಿಲ್ಲ. ಅಕ್ಷರ ಮಸುಕಾಗಿ, ಅಂಚು ಕದಡಿದಂತಿದ್ದರೆ ‘ಪೊರೆ’. ಪೊರೆಗೆ ಕ್ಲಿಯರ್‌ಟೈಪ್ ಮತ್ತೆ ಹೊಂದಿಸುತ್ತಾರೆ, ಹಾರ್ಡ್‌ವೇರ್ ಆಕ್ಸಿಲರೇಶನ್ ಆರಿಸುತ್ತಾರೆ, ಕಡೆಗೆ ನಿಮ್ಮ ಕನ್ನಡಕದ ನಂಬರು ಕೇಳುತ್ತಾರೆ.

ಅವರ ಸುವರ್ಣಯುಗ ವಿಂಡೋಸ್ ಎಕ್ಸ್‌ಪಿಯದು. 2001ರಲ್ಲಿ ಬಂದ ಎಕ್ಸ್‌ಪಿಯೊಳಗೆ ತುಂಗಾ ಫಾಂಟೇನೋ ಇತ್ತು. ಆದರೆ ಒತ್ತಕ್ಷರ ನೆಟ್ಟಗೆ ಕೂರಬೇಕಾದರೆ ಕಂಟ್ರೋಲ್ ಪ್ಯಾನೆಲ್ ಹೊಕ್ಕು, ಭಾಷೆಗಳ ಪುಟ ಹುಡುಕಿ, ಸಂಕೀರ್ಣ ಲಿಪಿಗಳಿಗೂ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗೂ ಸೇರಿಸಿ ಇಟ್ಟಿದ್ದ ಒಂದೇ ಚೌಕಕ್ಕೆ ಟಿಕ್ ಹಾಕಬೇಕಿತ್ತು. ಹಾಕಿದ ಕೂಡಲೇ ಅದು ವಿಂಡೋಸ್ ಸೀಡಿ ಕೇಳುತ್ತಿತ್ತು. ಸೀಡಿ ಇರುತ್ತಿದ್ದುದು ಆಚಾರ್ಯರ ಡ್ರಾಯರಿನಲ್ಲಿ, ಬೀಗದೊಳಗೆ, ಆಯುಧಪೂಜೆಯ ಕುಂಕುಮ ಹಚ್ಚಿಸಿಕೊಂಡು. ಸಾಹೇಬರೇ ಅವರ ಮೇಜಿನ ತನಕ ನಡೆದುಬಂದು "ಸ್ವಲ್ಪ ಬಿಡುವಾದಾಗ..." ಎಂದು ರಾಗ ಎಳೆಯುತ್ತಿದ್ದ ಕಾಲವದು. ವಿಸ್ಟಾ ಬಂದಮೇಲೆ ಆ ಟಿಕ್ಕೂ ಬೇಡ, ಸೀಡಿಯೂ ಬೇಡ ಎಂದಾಯಿತು. 2012ರಲ್ಲಿ ವಿಂಡೋಸ್ 8ರ ಜತೆ ನಿರ್ಮಲಾ ಫಾಂಟ್ ಬಂತು. ವಿಂಡೋಸ್ 10ರಲ್ಲಂತೂ ತುಂಗಾಳನ್ನು ಐಚ್ಛಿಕ ಫಾಂಟುಗಳ ಪಟ್ಟಿಗೆ ತಳ್ಳಿದರು. ಬೇಕಾದವರು ಕೇಳಿ ಹಾಕಿಸಿಕೊಳ್ಳಬೇಕು. ಇದರ ಹಿಂದೆ ನಿರ್ಮಲಾಳ ಕೈವಾಡವಿದೆ ಎಂದು ಆಚಾರ್ಯರು ಇಂದಿಗೂ ನಂಬಿದ್ದಾರೆ.

ಅವರ ವಿದ್ಯೆ ನಿಜಕ್ಕೂ ಬೆಳಗುವುದು ಮಾತ್ರ ನಾಲ್ಕನೆಯ ರೋಗದಲ್ಲಿ. ಲೆಕ್ಕಪತ್ರ ವಿಭಾಗದ ಮೇಡಂ ಹಳೆಯ ಸುತ್ತೋಲೆಯೊಂದನ್ನು ವರ್ಡಿನಿಂದ ಕಾಪಿ ಮಾಡಿ ಬ್ರೌಸರಿನ ಅರ್ಜಿಯೊಳಗೆ ಅಂಟಿಸಿದ್ದಾರೆ ಎನ್ನಿ. ಅಲ್ಲಿ ಕಾಣುವುದು: ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷರ ಪೌಂಡ್ ಚಿಹ್ನೆ, ಮತ್ತೆ ಅದೇ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಇನ್ನೊಂದು ಗೀಟಿನ ಎ. "ವೈರಸ್ಸಾ ಸಾರ್?" ಎಂದು ಮೇಡಂ ಗಾಬರಿಯಾಗುತ್ತಾರೆ. ಆಚಾರ್ಯರು ಕಣ್ಣು ಕಿರಿದು ಮಾಡಿ, ಒಂದು ಕ್ಷಣ ಮೌನವಾಗಿದ್ದು, "ಕನ್ನಡ ಅಂತ ಬರ್ದಿದೆ" ಎನ್ನುತ್ತಾರೆ. ನಿಜ, ಬರೆದಿರುವುದು ‘ಕನ್ನಡ’ ಎಂದೇ. ಮುಂದಿನ ಸಾಲನ್ನೂ ಸರಾಗವಾಗಿ ಓದಿ, ನಡುವೆ ಒಂದು ದೀರ್ಘ ತಪ್ಪಿದೆ ಎಂದೂ ತೋರಿಸುತ್ತಾರೆ.

ಸಂಗತಿ ಇಷ್ಟೇ. ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಕ ಅಕ್ಷರಕ್ಕೊಂದು ಬುಡ, ಅದರ ತಲೆಕಟ್ಟಿಗೆ ಇನ್ನೊಂದು ಸಂಕೇತ. ವರ್ಡಿನಲ್ಲಿ ಫಾಂಟ್ ಜತೆಗಿರುವ ತನಕ ಓದುವವರ ಕಣ್ಣಿಗೆ ಅದು ಕನ್ನಡ. ಗಣಕದ ಲೆಕ್ಕದಲ್ಲಿ ಎಂದೂ ಕನ್ನಡವಾಗಿರಲೇ ಇಲ್ಲ. ಯೂನಿಕೋಡ್ 1991ರಷ್ಟು ಹಿಂದೆಯೇ ಕನ್ನಡಕ್ಕೆ 128 ಸ್ಥಾನಗಳನ್ನು ಕಾದಿರಿಸಿತ್ತು. ಆದರೂ ಹಳೆಯ ನುಡಿ ಅಕ್ಷರದಲ್ಲಿ ಬೆರಳಚ್ಚಾದ ಕಡತಗಳು ಇಂದಿಗೂ ಕಪಾಟು ತುಂಬ ಇವೆ. ಇದಕ್ಕೆ ಬ್ರೌಸರಿನ ಯಾವ ಸೆಟ್ಟಿಂಗೂ ಮದ್ದಲ್ಲ, ಪರಿವರ್ತಕಕ್ಕೆ ಕೊಟ್ಟು ಯೂನಿಕೋಡ್ ಮಾಡಿಸಿಕೊಳ್ಳಬೇಕು. ಒಂದು ನಿಮಿಷದ ಕೆಲಸ.

ಒಂದು ನಿಮಿಷದಲ್ಲಿ ಮುಗಿಸಿದರೆ ಆಚಾರ್ಯತ್ವಕ್ಕೆ ಬೆಲೆ ಏನು ಬಂತು? ಹಾಗಾಗಿ ಪರಿವರ್ತಕದ ಮಾತು ಬರುವುದು ಕಟ್ಟಕಡೆಗೆ. ಮೊದಲು ಬ್ರೌಸರಿನ ಕ್ಯಾಶ್ ಅಳಿಸುತ್ತಾರೆ, ಅದರ ಜತೆ ಮೇಡಂ ಉಳಿಸಿಟ್ಟಿದ್ದ ಪಾಸ್‌ವರ್ಡುಗಳೂ ಹೋಗುತ್ತವೆ. ಆಮೇಲೆ ಎಕ್ಸ್‌ಟೆನ್ಶನ್‌ಗಳನ್ನೆಲ್ಲ ಕಿತ್ತುಹಾಕುತ್ತಾರೆ. ಆಮೇಲೆ ಫೈರ್‌ಫಾಕ್ಸ್‌ನ ಫಾಂಟ್ ಪುಟಕ್ಕೆ ಹೋಗಿ, ಕನ್ನಡಕ್ಕೆ ತಮ್ಮ ಇಷ್ಟದ ಫಾಂಟ್ ಕೂರಿಸಿ, ಜಾಲತಾಣಗಳು ತಮ್ಮದೇ ಫಾಂಟ್ ಬಳಸಬಹುದು ಎಂಬ ಟಿಕ್ ತೆಗೆಯುತ್ತಾರೆ. ಈಗ ಎಲ್ಲೆಡೆಯೂ ಆಚಾರ್ಯರ ಮೆಚ್ಚಿನ ನವಿಲು. ಆದರೆ ಎಷ್ಟೋ ತಾಣಗಳು ಹುಡುಕು, ಮುದ್ರಿಸು, ಮುಂದೆ ಹೋಗು ಎಂಬ ಚಿತ್ರಗಳನ್ನೂ ಫಾಂಟಿನ ಮೂಲಕವೇ ತರುತ್ತವೆ. ಅವು ಡಬ್ಬಿಯಾಗುತ್ತವೆ. ಸಂಬಳದ ಬಿಲ್ಲು ಸಲ್ಲಿಸುವ ಗುಂಡಿ ಯಾವ ಡಬ್ಬಿ ಎಂದು ಆ ತಿಂಗಳು ಇಡೀ ವಿಭಾಗ ಊಹಿಸುತ್ತ ಕೂರುತ್ತದೆ.

ಪೊರೆ ಬಂದ ಎಷ್ಟೋ ಪರದೆಗಳಲ್ಲಿ ಇರುವ ತೊಂದರೆ ಜೂಮ್ ಒಂದೇ. ಕೈತಾಗಿ 90ಕ್ಕೋ 110ಕ್ಕೋ ಜರುಗಿರುತ್ತದೆ. ಆಚಾರ್ಯರಿಗೆ ಅದು ಹೊಸ್ತಿಲಲ್ಲೇ ಗೊತ್ತಾಗುತ್ತದೆ. ಆದರೂ ಕಾಲು ಗಂಟೆ ಪೆಟ್ಟಿಗೆಗಳನ್ನು ತೆರೆದು ಮುಚ್ಚಿ, ನೀವು ಫೋನ್ ಎತ್ತಿಕೊಂಡ ಹೊತ್ತು ನೋಡಿ ಕಂಟ್ರೋಲ್ ಮತ್ತು ಸೊನ್ನೆಯನ್ನು ಮೆಲ್ಲಗೆ ಒತ್ತುತ್ತಾರೆ. "ಏನ್ ಮಾಡಿದ್ರಿ ಸಾರ್?" ಎಂದರೆ, "ರೆಂಡರಿಂಗ್ ಪ್ರಾಬ್ಲಮ್ಮು, ಸರಿಹೋಯ್ತು" ಎನ್ನುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಅವರು ನಾಟಕ ಆಡುವವರಲ್ಲ. ಬ್ರೌಸರಿನಲ್ಲಿ ‘ರಾಜ್‌ಕುಮಾರ್’ ಎಂದಿರಬೇಕಾದ ಕಡೆ ‘ರಾಜ್ಕುಮಾರ್’ ಎಂದು ಕಂಡರೆ ಅವರ ಮುಖ ಕಪ್ಪಿಡುತ್ತದೆ. ಅಣ್ಣಾವ್ರ ಹೆಸರಿನಲ್ಲಿ ಜ ಮತ್ತು ಕ ನಡುವೆ ಕಣ್ಣಿಗೆ ಕಾಣದ ಸಂಕೇತವೊಂದು ಕೂತಿರಬೇಕು. ಟೈಪು ಮಾಡುವವರು ಅದನ್ನು ಮರೆತರೆ ಕ ಜಾರಿ ಒತ್ತಾಗುತ್ತದೆ. ‘ರ‍್ಯಾಂಕ್’ ಅರ್ಕಾವತ್ತಾಗದೆ ಉಳಿಯಲೂ ಇಂಥದೇ ಇನ್ನೊಂದು ಅಗೋಚರ ಸಂಕೇತ ಬೇಕು. ಅದು ಬಿಟ್ಟುಹೋದ ಕಡೆಯಲ್ಲೆಲ್ಲ ಯಾರೂ ಕೇಳದೆಯೇ ಅವರು ಕುಳಿತು ಒಂದೊಂದಾಗಿ ಸೇರಿಸುತ್ತಾರೆ. 1998ರಲ್ಲಿ ಬರಹ ತಂದ ಶೇಷಾದ್ರಿವಾಸು, ಕೀಲಿಮಣೆ ರೂಪಿಸಿದ ಕೆ.ಪಿ. ರಾವ್ ಇವರ ಹೆಸರೆತ್ತುವಾಗ ಆಚಾರ್ಯರು ದನಿ ತಗ್ಗಿಸುತ್ತಾರೆ, ಕಾಫಿ ಲೋಟ ಕೆಳಗಿಡುತ್ತಾರೆ. ಈ ಸಂಕೇತ ಸೇರಿಸುವ ಕೆಲಸವನ್ನು ಮಾಡುವವರು ಕಚೇರಿಯಲ್ಲಿ ಇನ್ನೊಬ್ಬರಿಲ್ಲ. ಮಾಡದಿದ್ದರೆ ಗಮನಿಸುವವರೂ ಇಲ್ಲ.

ಆದ್ದರಿಂದ ನಿಮ್ಮ ಪರದೆಯಲ್ಲಿ ಅಕ್ಷರ ಕೆಟ್ಟಾಗ ಧಾರಾಳವಾಗಿ ಕರೆಸಿ. ಪಾಸ್‌ವರ್ಡುಗಳನ್ನು ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಕಾಫಿ ಹೇಳಿ. ಇಷ್ಟೆಲ್ಲ ಆದಮೇಲೂ ಅವರ ಎದುರು "ನನ್ನ ಮೊಬೈಲಲ್ಲಿ ಸರಿಯಾಗೇ ಕಾಣ್ತಿತ್ತಲ್ಲ ಸಾರ್" ಎಂದು ಮಾತ್ರ ಹೇಳಬೇಡಿ. ಮೊಬೈಲನ್ನೂ ರಿಪೇರಿ ಮಾಡಿಬಿಟ್ಟಾರು.